ಒಲೆಯ ಮೇಲಿಟ್ಟ ಗೂಡು

ಮಳೆಯಿಂದ ಕೆಟ್ಟಿತು ಅಂತ ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಸುಳ್ಳು. ಕೆಡಿಸಿದವಳು ನಾನು. ಮೊಮ್ಮಗಳು ಭೂಮಿಕಾ ತನ್ನ ಕೈಯಾರೆ ಮಾಡಿದ ರೇಷ್ಮೆ ನೂಲಿನ ಚರಕ ಶಾಲೆಯ ಪ್ರದರ್ಶನದಲ್ಲಿ ಒಂದು ಸುತ್ತು ನೂಲನ್ನೂ ಸುತ್ತಲಿಲ್ಲ. ಅದರಲ್ಲಿ ಚರಕದ ತಪ್ಪು ಇಲ್ಲ, ಮಳೆಯ ತಪ್ಪು ಇಲ್ಲ, ಆ ಕೂಸಿನ ತಪ್ಪಂತೂ ಇಲ್ಲವೇ ಇಲ್ಲ. ಇಷ್ಟನ್ನು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ನಾನು ಹಳೆಯ ಮಾತು ಎತ್ತಿಕೊಂಡು ಎತ್ತೆತ್ತಲೋ ಹೋಗಿ, ಕೊನೆಗೆ ಮಳೆಯ ಮೇಲೇ ಹಾಕಿ ಸುಮ್ಮನಾದರೂ ಆದೇನು. ನನ್ನ ಬುದ್ಧಿ ನನಗೆ ಗೊತ್ತು.

ಇವತ್ತು ಇದೆಲ್ಲ ಜ್ಞಾಪಕಕ್ಕೆ ಬಂದದ್ದು ಒಂದು ಅಂಗಿ ಗುಂಡಿಯಿಂದ. ಕಸ ಗುಡಿಸುವಾಗ ಮಂಚದ ಕೆಳಗಿನಿಂದ ಉರುಳಿ ಬಂತು. ನಾಲ್ಕು ತೂತಿನ ಬಿಳಿ ಗುಂಡಿ. ಸೊಸೆ ಮಂಗಳ ಆಗಿದ್ದರೆ ಕಸದ ಜೊತೆಗೆ ತಳ್ಳಿಬಿಡುತ್ತಿದ್ದಳು. ನಾನು ಬಗ್ಗಿ ಎತ್ತಿಕೊಂಡೆ. ಬಗ್ಗಿದರೆ ಸೊಂಟ ಹಿಡಿಯುತ್ತದೆ, ಮತ್ತೆ ನೆಟ್ಟಗಾಗಲು ಗೋಡೆ ಬೇಕು. ಆದರೂ ಗುಂಡಿ ಬಿಡುವ ಜಾತಿಯಲ್ಲ ನಾನು. ನಮ್ಮ ಮನೆಯಲ್ಲಿ ಯಾವ ಅಂಗಿಯೂ ಗುಂಡಿ ಸಮೇತ ಮಸಿಬಟ್ಟೆಯಾಗಿಲ್ಲ. ಅಂಗಿ ಹರಿದರೆ ಮೊದಲು ಗುಂಡಿ ಬಿಚ್ಚಬೇಕು, ಆಮೇಲೆ ಕಾಲರಿನೊಳಗಿನ ಗಟ್ಟಿ ಬಟ್ಟೆ ತೆಗೆಯಬೇಕು, ಉಳಿದದ್ದು ಒಲೆಗೆ ಪಾತ್ರೆ ಇಳಿಸಲು. ಮನುಷ್ಯರನ್ನು ಹೀಗೆ ಬಿಡಿಸಿ ಇಟ್ಟುಕೊಳ್ಳಲು ಬರುವುದಿಲ್ಲ, ಅದೊಂದೇ ಕೊರತೆ.

ಇಂಥ ಸಾಮಾನಿಗೆಲ್ಲ ನನ್ನ ಮಂಚದ ಕೆಳಗೆ ಒಂದು ಮಂಕರಿ ಇದೆ. ಮುರಿದ ಛತ್ರಿಯ ಕಡ್ಡಿ, ಸೈಕಲ್ಲಿನ ಸ್ಪೋಕು, ಔಷಧಿ ಸೀಸೆಯ ಮುಚ್ಚಳ, ರೀಫಿಲ್ ಮುಗಿದ ಪೆನ್ನಿನ ಕೊಳವೆ, ಸವೆದ ಹವಾಯಿ ಚಪ್ಪಲಿ, ಬಳೆ, ಹುಣಸೆ ಬೀಜ. ಮಂಗಳ ಹಬ್ಬ ಬಂದಾಗಲೆಲ್ಲ ಆ ಮಂಕರಿಯನ್ನು ಬಾಗಿಲ ತನಕ ಎಳೆಯುತ್ತಾಳೆ, ನಾನು ಮತ್ತೆ ಒಳಗೆ ಎಳೆಯುತ್ತೇನೆ.

"ಅತ್ತೆ, ಇದ್ರಲ್ಲಿ ಚೇಳ್ ಸೇರ್ಕಂಡಿರ್ತದ ಕಣಿ, ಎಸ್ದ್ ಬುಡಿ" ಅನ್ನುತ್ತಾಳೆ.

"ಚೇಳ್ಗೂ ಒಂದ್ ಮನ ಬ್ಯಾಡ್ವಾ, ಮಡಗು ಅಲ್ಲೇಯ" ಅನ್ನುತ್ತೇನೆ.

ನಾನು ಓದಿದ್ದು ಮೂರನೇ ಕ್ಲಾಸು. ನಾಲ್ಕಕ್ಕೆ ಹೆಸರು ಬರೆಸಿದ್ದರು, ಹೋಗಲಿಲ್ಲ. ನಮ್ಮವ್ವ ಆಗ ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ಬಿಚ್ಚುವ ಕೊಟ್ಟಿಗೆಯಲ್ಲಿ ಕೂಲಿಗೆ ಕೂರುತ್ತಿದ್ದಳು. ಅವಳ ಜೊತೆಗೆ ನಾನೂ ಹೋಗತೊಡಗಿದೆ. ಕುದಿಯುವ ನೀರಿನ ತೊಟ್ಟಿಯಲ್ಲಿ ಗೂಡು ತೇಲುತ್ತಿದ್ದವು. ಅವ್ವ ಬರಿಗೈಯಲ್ಲಿ ತುದಿ ಹಿಡಿದು ಮೇಲೆತ್ತುತ್ತಿದ್ದಳು. ಅವಳ ಬೆರಳ ತುದಿ ನೆನೆದು ನೆನೆದು ಅನ್ನದ ಅಗುಳಿನ ಹಾಗೆ ಬೆಳ್ಳಗೆ ಸುಕ್ಕುಗಟ್ಟಿತ್ತು. ಬೆಂದ ಹುಳುವಿನ ವಾಸನೆ ಸೀರೆಗೆ ಹತ್ತಿದರೆ ಸೀಗೆಪುಡಿ ಹಾಕಿ ಒಗೆದರೂ ಬಿಡುತ್ತಿರಲಿಲ್ಲ. ಊರಿಗೆ ಬರುವ ಬಸ್ಸಿನಲ್ಲಿ ನಮ್ಮ ಪಕ್ಕ ಯಾರೂ ಕೂರುತ್ತಿರಲಿಲ್ಲ. ನಮಗೇನು, ಕಾಲು ಚಾಚಿಕೊಂಡು ಬರುತ್ತಿದ್ದೆವು.

ಕೊಟ್ಟಿಗೆಯಲ್ಲಿ ಒಳ್ಳೆಯ ಗೂಡನ್ನು ಮಕ್ಕಳು ಮುಟ್ಟುವ ಹಾಗಿರಲಿಲ್ಲ. ಕಲೆ ಬಿದ್ದದ್ದು, ಎರಡು ಹುಳು ಸೇರಿ ಕಟ್ಟಿದ ಜೋಡಿಗೂಡು, ನೂಲಿನ ಸಿಕ್ಕು, ಇಷ್ಟು ನಮ್ಮದು. ಜೋಡಿಗೂಡು ಬೊಂಬೆಗೆ ತಲೆಯಾಗುತ್ತಿತ್ತು, ಸಿಕ್ಕು ಕೂದಲಾಗುತ್ತಿತ್ತು, ಕಣ್ಣಿಗೆ ಬೇಲಿಯ ಗುಲಗಂಜಿ. ಅಂಟಿಗೆ ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ಬೀಸಿ, ನೀರು ಹಾಕಿ ಕುದಿಸಬೇಕು. ಒಮ್ಮೆ ನಾನೂ ನನ್ನ ತಂಗಿ ಸಿದ್ದಿಯೂ ಒಂದು ಪಾತ್ರೆ ಅಂಟು ಕಾಯಿಸಿ ಆರಲೆಂದು ಒಲೆಯ ಪಕ್ಕ ಇಟ್ಟು ಬೊಂಬೆಗೆ ಬಟ್ಟೆ ಹುಡುಕಲು ಹೋದೆವು. ಬರುವ ಹೊತ್ತಿಗೆ ನಮ್ಮಪ್ಪ ಗದ್ದೆಯಿಂದ ಬಂದು ಅರ್ಧ ಕುಡಿದಾಗಿತ್ತು.

"ಇವತ್ ಗಂಜಿಗ ಉಪ್ಪೇ ಆಕಿಲ್ವಲ್ಲವ್ವ" ಅಂದ.

ಸಿದ್ದಿ ಓಡಿಹೋಗಿ ಉಪ್ಪು ತಂದು ಕೊಟ್ಟಳು. ಉಳಿದರ್ಧವನ್ನೂ ಕುಡಿದ. ಅವನಿಗೆ ಏನೂ ಆಗಲಿಲ್ಲ. ಬೊಂಬೆಯ ತಲೆ ಮಾತ್ರ ಅವತ್ತು ಕೂರಲಿಲ್ಲ.

ಜೋಳದ ದಂಟಿನ ಗಾಡಿ, ಚಪ್ಪಲಿ ಕೊಯ್ದ ಚಕ್ರ, ತೆಂಗಿನ ಚಿಪ್ಪಿನ ತಕ್ಕಡಿ, ಎಲ್ಲ ಮಾಡಿದ್ದೇವೆ. ಏನು ಮಾಡೋಣ ಅಂತ ಯೋಚಿಸಿ ಸಾಮಾನು ಹುಡುಕಿದವರಲ್ಲ ನಾವು. ಸಾಮಾನು ಮೊದಲು ಸಿಗುತ್ತಿತ್ತು, ಅದನ್ನು ತಿರುಗಿಸಿ ಮುರುಗಿಸಿ ನೋಡಿದರೆ ಅದೇ ಹೇಳುತ್ತಿತ್ತು. ಎಲ್ಲವೂ ಚೆನ್ನಾಗಿದ್ದವು ಅಂತ ನಾನು ಹೇಳುವುದಿಲ್ಲ. ಗಾಡಿ ಹತ್ತು ಹೆಜ್ಜೆಗೆ ಮುರಿಯುತ್ತಿತ್ತು. ಸೀಬೆಹಣ್ಣು ಕೀಳಲು ನಾನು ಛತ್ರಿ ಕಡ್ಡಿಯಲ್ಲಿ ಮಾಡಿದ ಕೊಕ್ಕೆ ಒಂದು ಹಣ್ಣನ್ನೂ ಕಿತ್ತದ್ದಿಲ್ಲ, ಸಿದ್ದಿಯ ಕಿವಿ ಕಿತ್ತಿತು. ಈಗಲೂ ಅವಳು ಬಲಗಡೆಯ ಓಲೆ ಹಾಕುವಾಗ ನನ್ನನ್ನು ಬಯ್ದುಕೊಂಡೇ ಹಾಕುತ್ತಾಳೆ.

ಮದುವೆಯಾದ ಮೇಲೆ ಕೆಲವು ವರ್ಷ ಒಡೆಯರಪಾಳ್ಯದ ಕಡೆಗೆ ಮುಸುಕಿನ ಜೋಳ ಮುರಿಯುವ ಕೂಲಿಗೆ ಹೋಗುತ್ತಿದ್ದೆವು. ಅಲ್ಲಿ ಟಿಬೆಟಿನವರ ಬಿಡಾರವಿದೆ, ಅವರಲ್ಲೊಬ್ಬಳು ಮನೆಯ ಮುಂದೆ ಮಗ್ಗ ಹೂಡಿಕೊಂಡು ಜಮಖಾನೆ ನೇಯುತ್ತಿದ್ದಳು. ಅವಳಿಗೆ ನಮ್ಮ ಮಾತಿನಲ್ಲಿ ಬರುತ್ತಿದ್ದದ್ದು ಬೇಕು, ಸಾಕು, ಕೂತ್ಕೋ. ನನಗೆ ಅವಳ ಮಾತಿನಲ್ಲಿ ಅಷ್ಟೂ ಬರುತ್ತಿರಲಿಲ್ಲ. ಕತ್ತರಿಸಿ ಬಿದ್ದ ಉಣ್ಣೆಯ ತುಂಡುಗಳನ್ನು ನಾನು ನೋಡುತ್ತಾ ನಿಂತದ್ದನ್ನು ಕಂಡು "ಬೇಕು?" ಅಂದಳು. ಮಡಿಲು ಒಡ್ಡಿದೆ. ತುಂಬುವ ತನಕ ಹಾಕಿ "ಸಾಕು?" ಅಂದಳು. ಅಷ್ಟೇ ನಮ್ಮ ಸ್ನೇಹ. ಆ ತುಂಡುಗಳನ್ನೆಲ್ಲ ಗಂಟು ಹಾಕಿ, ಸ್ಪೋಕಿನಲ್ಲಿ ಹೆಣೆದು ಮಗನಿಗೆ ಕುಲಾವಿ ಮಾಡಿದೆ. ಏಳು ಬಣ್ಣ, ನೂರೆಂಟು ಗಂಟು. ತಲೆ ಕೆರೆತ ತಾಳಲಾರದೆ ಅವನು ಅದನ್ನು ಬಾವಿಗೆ ಎಸೆದ. ಅವನ ತಪ್ಪಿಲ್ಲ. ನಾನೂ ಹಾಕಿ ನೋಡಿದ್ದೆ.

ಆಮೇಲೆ ನಾವೇ ಹಿಪ್ಪುನೇರಳೆ ಹಾಕಿ ಹುಳು ಸಾಕತೊಡಗಿದೆವು. ಈಗ ಮಗ, ಸೊಸೆ ಸಾಕುತ್ತಾರೆ. ನಾನು ಬೀಸಣಿಗೆ ಹಿಡಿದುಕೊಂಡು ಅವರಿಗೆ ತಪ್ಪು ಹೇಳುತ್ತೇನೆ.

ಭೂಮಿಕಾ ಏಳನೇ ಕ್ಲಾಸು, ಕಾಮಗೆರೆಯ ಶಾಲೆ. ಈ ವರ್ಷ ಅಲ್ಲಿಗೆ ಹೊಸ ಮಿಸ್ ಬಂದಿದ್ದಾರೆ, ಯಳಂದೂರಿನವರು, ದಿನಾ ಎರಡು ಬಸ್ಸು ಹತ್ತಿ ಬರುತ್ತಾರೆ. ಅವರು ಒಂದು ಕಟ್ಟು ಮಾಡಿದರು. ಪ್ರದರ್ಶನಕ್ಕೆ ಪ್ರತಿಯೊಬ್ಬರೂ ಕೆಲಸ ಮಾಡುವಂಥ ಒಂದು ವಸ್ತು ಮಾಡಿ ತರಬೇಕು, ಅಂಗಡಿಯಿಂದ ಒಂದು ಅಂಟಿನ ಡಬ್ಬಿಯನ್ನೂ ಕೊಳ್ಳಕೂಡದು. ಮನೆಯಲ್ಲಿ, ಹಿತ್ತಲಲ್ಲಿ, ಹೊಲದಲ್ಲಿ ಸಿಕ್ಕಿದ್ದರಲ್ಲೇ ಆಗಬೇಕು. ಇನ್ನೊಂದು ಮಾತೂ ಹೇಳಿದರು. ಶಾಲೆಯ ಹಳೆಯ ಬೀರುವನ್ನು ಇಂಥ ಸಾಮಾನಿಗಾಗಿಯೇ ಖಾಲಿ ಮಾಡಿಸಿದ್ದೇನೆ, ಯಾರ ವಸ್ತು ಚೆನ್ನಾಗಿ ನಡೆಯುತ್ತದೋ ಅವರ ಕೈಗೆ ಅದರ ಬೀಗದ ಕೈ, ಚಿಕ್ಕ ಮಕ್ಕಳಿಗೆ ಸಾಮಾನು ಕೊಡುವುದು, ಮಾಡಲು ಹೇಳಿಕೊಡುವುದು ಎಲ್ಲ ಅವರದೇ, ಅಂತ.

ಭೂಮಿಕಾ ಅದನ್ನು ಹೇಳುವಾಗ ಊಟದ ತಟ್ಟೆಯಲ್ಲಿ ಮುದ್ದೆ ಆರಿ ಗಟ್ಟಿಯಾಗಿತ್ತು. "ಬೀರು ತುಂಬ ಕಾನೆ ಅವ ಅಜ್ಜಿ. ಗುಂಡಿಗ ಒಂದು, ಬೀಜಕ್ ಒಂದು, ಕಡ್ಡಿಗ ಒಂದು. ಯಾವ್ದುನ್ ಎಲ್ ಮಡಗ್ಬೇಕು ಅಂತ ನಾ ಆಗ್ಲೇ ಬರ್ಕೊಂಡಿವ್ನಿ." ಬೇರೆ ಮಕ್ಕಳು ಬಹುಮಾನ ಅಂದರೆ ಕುಣಿಯುತ್ತಾರೆ. ಇವಳಿಗೆ ಬೇಕಾದದ್ದು ಒಂದು ಬೀಗದ ಕೈ. ಯಾರ ಮೊಮ್ಮಗಳು ಅಂತ ಬೇರೆ ಹೇಳಬೇಕಾಗಿಲ್ಲ.

ನಾನು ಮಂಚದ ಕೆಳಗಿನಿಂದ ಮಂಕರಿ ಎಳೆದೆ.

ಹುಳು ಗೂಡು ಕಟ್ಟುವ ಬಿದಿರ ತಟ್ಟಿಗೆ ನಮ್ಮ ಕಡೆ ಚಂದ್ರಂಕಿ ಅನ್ನುತ್ತೇವೆ. ಮುರಿದ ಚಂದ್ರಂಕಿಯ ದಬ್ಬೆ ಸೀಳಿ ಚರಕದ ನಾಲ್ಕು ರೆಕ್ಕೆ ಮಾಡಿದಳು. ಅಚ್ಚಿಗೆ ಛತ್ರಿಯ ಕೋಲು, ಅದು ತಿರುಗಲು ಎರಡು ಪೆನ್ನಿನ ಕೊಳವೆ, ಹಿಡಿಗೆ ಬಗ್ಗಿಸಿದ ಸ್ಪೋಕು, ಕೆಳಗೆ ಕಾಲು ಮುರಿದ ಮಣೆ. ನೂಲು ಹಾದುಬರಲು ಸಣ್ಣ ಕಣ್ಣು ಬೇಕು. ಕೊಟ್ಟಿಗೆಯ ಚರಕದಲ್ಲಿ ಪಿಂಗಾಣಿಯದೊಂದು ಗುಂಡಿ ಇರುತ್ತಿತ್ತು. ನಾನು ಅಂಗಿ ಗುಂಡಿ ಕೊಟ್ಟೆ. ಎಂಟು ಹತ್ತು ಗೂಡಿನ ಎಳೆ ಆ ಒಂದು ತೂತಿನಲ್ಲಿ ಹಾದರೆ ಒಂದೇ ನೂಲಾಗಿ ಬರುತ್ತದೆ. ಅಂಟಿಗೆ ಹುಣಸೆ ಬೀಜ ಕಾಯಿಸಿದೆವು. ಆ ಪಾತ್ರೆಯನ್ನು ನನ್ನ ಮಗನ ಕೈಗೆ ಸಿಗದ ಹಾಗೆ ಇಟ್ಟೆ.

ಅಷ್ಟರಲ್ಲಿ ಮನೆಯ ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಂಕಿ ಹತ್ತಿ, ಗೂಡು ಬಿಡಿಸಿದ್ದೂ ಆಯಿತು. ಮಾರಲು ಹೋಗುವ ರಾಶಿಯಿಂದ ನಾನೇ ಆರಿಸಿ ಎರಡು ಹಿಡಿ ಗೂಡು ತೆಗೆದಿಟ್ಟೆ. ಮನೆಯಲ್ಲೇ ಒಮ್ಮೆ ನಡೆಸಿ ನೋಡಿದೆವು. ಕುದಿನೀರಿಗೆ ಹತ್ತು ಗೂಡು ಹಾಕಿ, ಪೊರಕೆಯ ತುದಿಯಲ್ಲಿ ಮೆಲ್ಲಗೆ ಸವರಿ ಎಳೆ ಎತ್ತುವುದನ್ನು ತೋರಿಸಿದೆ. ಕೂಸು ಹಿಡಿ ತಿರುಗಿಸಿತು. ಬಂತು ನೂಲು. ಬಿದಿರ ರೆಕ್ಕೆಯ ಮೇಲೆ ಒಂದರ ಪಕ್ಕ ಒಂದು ಕೂತು, ಮಧ್ಯಾಹ್ನದ ಬಿಸಿಲಿಗೆ ಹೊಳೆಯಿತು. ನನ್ನ ಕೈ ತಾನಾಗಿ ಬಿಸಿನೀರಿಗೆ ಹೋಯಿತು, ಅವ್ವನ ಕೈ ಹೋಗುತ್ತಿದ್ದ ಹಾಗೆ. ಸುಟ್ಟಿತು. ನನಗೆ ಅಭ್ಯಾಸ ತಪ್ಪಿದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಗೂಡಿನೊಳಗೆ ಹುಳು ಬದುಕಿರುತ್ತದೆ. ಗೂಡಿನ ಬಾಯಿ ಮುಚ್ಚಿಕೊಂಡ ದಿನದಿಂದ ಹನ್ನೆರಡು ಹದಿಮೂರು ದಿನಕ್ಕೆ ಅದು ಚಿಟ್ಟೆಯಾಗಿ ಗೂಡಿಗೆ ತೂತು ಮಾಡಿ ಹೊರಗೆ ಬರುತ್ತದೆ. ತೂತಾದ ಗೂಡಿನಿಂದ ಒಂದೇ ಎಳೆಯಾಗಿ ನೂಲು ಬಿಚ್ಚುವುದಕ್ಕಾಗುವುದಿಲ್ಲ. ಅದಕ್ಕೇ ಬೇಗ ಬಿಚ್ಚಬೇಕು, ಇಲ್ಲವೇ ಆವಿ ಕೊಟ್ಟು ಹುಳುವನ್ನು ಸಾಯಿಸಿ ಒಣಗಿಸಿ ಇಡಬೇಕು. ಪ್ರದರ್ಶನ ಸೋಮವಾರ ಇತ್ತು. ಅವತ್ತಿಗೆ ಎಂಟೇ ದಿನ, ಯಾವ ಭಯವೂ ಇರಲಿಲ್ಲ. ಭಾನುವಾರ ಹಿಡಿದ ಮಳೆಗೆ ಶಾಲೆಗೆ ರಜೆ ಕೊಟ್ಟು ಪ್ರದರ್ಶನವನ್ನು ಶುಕ್ರವಾರಕ್ಕೆ ಹಾಕಿದರು.

ಮಂಗಳ ಹೇಳಿದಳು, ಇಲ್ಲ ಅನ್ನುವುದಿಲ್ಲ. "ಅತ್ತೆ, ಆ ಗೂಡ್ಗ ಒಸಿ ಆವಿ ಕೊಟ್ಬುಡಿ. ಆಮ್ಯಾಕ ಎಷ್ಟ್ ದಿನ ಬೇಕಾರು ಮಡಗ್ಬೋದು."

"ಆವಿ ಕೊಟ್ಟ ಗೂಡ್ಗ ಈ ಒಳಪು ಬರಾದಿಲ್ಲ ಕಣಮ್ಮಿ. ಥಂಡಿ ಅದ, ಚಿಟ್ಟ ತಡೀತದ. ನೀ ಹುಟ್ಟಾಕ್ ಮುಂಚಿಂದ್ಲೂ ಗೂಡ್ ನೋಡಿವ್ನಿ, ನಂಗ ಹುಳದ್ ಲೆಕ್ಕ ಕಲಿಸ್ಬ್ಯಾಡ."

ಲೆಕ್ಕ ಸರಿಯಾಗಿಯೇ ಇತ್ತು. ಥಂಡಿಯಲ್ಲಿ ಚಿಟ್ಟೆ ತಡವಾಗುತ್ತದೆ. ಆದರೆ ಮಳೆಯ ತೇವಕ್ಕೆ ಗೂಡು ಮೆತ್ತಗಾದೀತೆಂದು ನಾನೇ ಅದನ್ನು ಬಟ್ಟೆಚೀಲಕ್ಕೆ ಹಾಕಿ ಒಲೆಯ ಮೇಲಿನ ಹಲಗೆಯಲ್ಲಿಟ್ಟೆ. ನಾಲ್ಕು ದಿನ ಬೆಚ್ಚಗಿಟ್ಟೆ. ಬೆಚ್ಚಗಿದ್ದರೆ ಚಿಟ್ಟೆ ಬೇಗ ಬರುತ್ತದೆ ಎನ್ನುವುದು ಹುಳು ಸಾಕುವ ಮನೆಯ ಚಿಕ್ಕ ಮಕ್ಕಳಿಗೂ ಗೊತ್ತು. ನನಗೂ ಗೊತ್ತು. ಥಂಡಿಯ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡು ಗೂಡನ್ನು ಒಲೆಯ ಮೇಲಿಟ್ಟೆ. ಗುರುವಾರ ಸಂಜೆ ಚೀಲ ಬಿಚ್ಚಿ ನೋಡಿದೆ, ಒಂದೂ ತೂತಾಗಿರಲಿಲ್ಲ. ಗೆದ್ದವಳ ಹಾಗೆ ಬಾಯಿ ಬಿಗಿದು ಭೂಮಿಕಾಳ ಕೈಗೆ ಕೊಟ್ಟೆ.

ಶುಕ್ರವಾರ ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿದೆವು. ಚರಕ ನನ್ನ ತೊಡೆಯ ಮೇಲೆ, ಚೀಲ ಅವಳ ತೊಡೆಯ ಮೇಲೆ.

"ಅಜ್ಜಿ, ಚೀಲ ಕಚಗುಳಿ ಮಡಗ್ತಾ ಅದ."

"ಬಸ್ಸು ಅಳ್ಳಾಡ್ತದ ಕಣ್ ಕೂಸು, ಸುಮ್ನ ಕೂತ್ಕೊ."

ಚಿಟ್ಟೆ ಹೊರಗೆ ಬರುವುದು ಬೆಳಗಿನ ಹೊತ್ತಿನಲ್ಲಿ. ಅದೂ ನನಗೆ ಗೊತ್ತಿದ್ದದ್ದೇ.

ಶಾಲೆಯ ಹಾಲಿನಲ್ಲಿ ಸಾಲಾಗಿ ಮೇಜು. ನಮ್ಮ ಪಕ್ಕದ ಮೇಜಿನ ಹುಡುಗಿ ಬಾಟಲಿಯಲ್ಲಿ ಗಿಡಕ್ಕೆ ನೀರು ಚಿಮುಕಿಸುವ ಯಂತ್ರ ಮಾಡಿದ್ದಳು. ಚೆನ್ನಾಗಿತ್ತು. ಊರಿನ ತಾಯಂದಿರು ಬಂದು ಚರಕ ನೋಡಿದರು, ನಾನು ಸುಮ್ಮನಿರಬಾರದೇ. ಗೂಡು ಹೇಗೆ ಆರಿಸಬೇಕು, ಹೇಗೆ ಜೋಪಾನ ಮಾಡಬೇಕು, ಈಗಿನವರಿಗೆ ಆವಿ ಕೊಡುವುದೊಂದೇ ಗೊತ್ತು, ಬರೀ ಕೈಯಲ್ಲಿ ಹಿಡಿದು ನೋಡಿದರೆ ನನಗೆ ತಿಳಿಯುತ್ತದೆ, ಅಂತೆಲ್ಲ ಹೇಳಿದೆ. ಅವರು ತಲೆದೂಗಿದರು. ನನಗೆ ಇನ್ನಷ್ಟು ಬಾಯಿ ಬಂತು.

ಬಿಸಿಯೂಟದ ಅಡಿಗೆಯವರು ಒಂದು ಬೋಗುಣಿ ಕುದಿನೀರು ತಂದುಕೊಟ್ಟರು. ಮಿಸ್ ಬಂದು ಮುಂದೆ ನಿಂತರು, ಮಕ್ಕಳು ಸುತ್ತ ನಿಂತವು. ಭೂಮಿಕಾ ಚೀಲದ ಬಾಯಿ ಬಿಚ್ಚಿ ಮೇಜಿನ ಮೇಲೆ ಸುರಿದಳು.

ಗೂಡಿಗಿಂತ ಮೊದಲು ಚಿಟ್ಟೆ ಬಿದ್ದವು. ಬಿಳಿ ಚಿಟ್ಟೆ, ಹಾರಲು ಬಾರದೆ ರೆಕ್ಕೆ ಪಟಪಟ ಬಡಿಯುತ್ತ ಮೇಜಿನ ಮೇಲೆ ಗಿರಗಿರ ಸುತ್ತತೊಡಗಿದವು. ಗೂಡೆಲ್ಲ ತುದಿಯಲ್ಲಿ ತೂತು, ಕಂದುಬಣ್ಣದ ನೀರು. ಮಕ್ಕಳು ನಕ್ಕವು. ತೂತಾಗದೆ ಉಳಿದದ್ದು ಎರಡೇ. ಅವಳು ಅವೆರಡನ್ನೂ ನೀರಿಗೆ ಹಾಕಿ, ಪೊರಕೆ ತುದಿಯಲ್ಲಿ ಸವರಿ ಎಳೆ ಎತ್ತಿ, ಗುಂಡಿಯ ತೂತಿನಲ್ಲಿ ಪೋಣಿಸಿದಳು. ಎರಡೆಳೆ ಚರಕದ ಎಳೆತಕ್ಕೆ ತಾಳುವುದಿಲ್ಲ. ರೆಕ್ಕೆ ಮುಟ್ಟುವ ಮೊದಲೇ ಕಡಿಯಿತು. ಮತ್ತೆ ಪೋಣಿಸಿದಳು, ಮತ್ತೆ ಕಡಿಯಿತು.

ಮಿಸ್ ಕೇಳಿದರು, "ಗೂಡು ಇಟ್ಟುಕೊಂಡಿದ್ದು ಯಾರಮ್ಮ, ಭೂಮಿಕಾ?"

ಅವಳು ತಲೆ ಎತ್ತಿ ನನ್ನ ಕಡೆ ನೋಡಿದಳು. ನಾನು ಮೂರು ಹೆಜ್ಜೆ ದೂರದಲ್ಲಿದ್ದೆ. ನನ್ನ ಪಕ್ಕದಲ್ಲಿ, ಈಗ ತಾನೇ ತಲೆದೂಗಿದ್ದ ಹೆಂಗಸರು. ನಾನು ಸೆರಗು ಸರಿಮಾಡಿಕೊಂಡೆ.

"ನಾನೇ ಮಿಸ್. ಆವಿ ಕೊಡಾದ ಮರ್ತ್ಬುಟ್ಟೆ" ಅಂದಳು.

"ಒಂದು ಚೀಲ ಗೂಡು ನೋಡ್ಕೊಳ್ಳೋಕಾಗಲಿಲ್ಲ ಅಂದರೆ, ಇಡೀ ಶಾಲೆ ಸಾಮಾನು ಹೇಗಮ್ಮ ನೋಡ್ಕೋತೀಯ?" ಅಂದರು ಮಿಸ್. ಬಯ್ಯಲಿಲ್ಲ, ಮೆಲ್ಲಗೆ ಹೇಳಿದರು. ಬೀಗದ ಕೈ ಪಕ್ಕದ ಮೇಜಿಗೆ ಹೋಯಿತು.

ಮನೆಗೆ ಬಂದ ಮೇಲೆ ಮಂಗಳ ಏನಾಯಿತು ಅಂತ ಕೇಳಿದಳು. "ಮಳ ಬಂದ್ ಕೆಟ್ಟೋಯ್ತು ಕಣವ್ವ" ಅಂದಳು ಭೂಮಿಕಾ. ಮಂಗಳ ಒಲೆಯ ಮೇಲಿನ ಹಲಗೆಯ ಕಡೆ ಒಮ್ಮೆ ನೋಡಿ, ನನಗೆ ಮುದ್ದೆ ಬಡಿಸಿದಳು. ಅವಳು ಒಂದು ಮಾತು ಆಡಿದ್ದರೆ ನಾನು ನಾಲ್ಕು ಆಡಿ ಹಗುರಾಗುತ್ತಿದ್ದೆ.

ಮಾರನೆಯ ದಿನ ಶನಿವಾರ, ಬೆಳಗಿನ ಶಾಲೆ. ಭೂಮಿಕಾ ಚೀಲ ಹೆಗಲಿಗೆ ಹಾಕಿಕೊಳ್ಳುವಾಗ ನಾನು ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದೆ.

"ಎತ್ತಗ ಅಜ್ಜಿ?"

"ನಿಮ್ಮ್ ಇಸ್ಕೂಲ್ಗ."

"ಬ್ಯಾಡ ಅಜ್ಜಿ. ಆಗೋಯ್ತಲ್ಲ, ಬುಡು."

ಒಂದೇ ಬಸ್ಸಿನಲ್ಲಿ ಹೋದೆವು. ಪ್ರಾರ್ಥನೆ ಮುಗಿದು ಮಕ್ಕಳು ಕ್ಲಾಸಿಗೆ ಹೋದ ಮೇಲೆ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಮಿಸ್ಸನ್ನು ಕರೆದೆ. ಇರುವುದನ್ನು ಹೇಳಿದೆ.

ಅವರು ಬಾಗಿಲನ್ನು ಅರ್ಧ ಮುಂದಕ್ಕೆಳೆದರು. "ಆ ಹುಡುಗಿಗೆ ಕೊಟ್ಟ ಬೀಗದ ಕೈಯನ್ನ ಈಗ ವಾಪಸ್ ಇಸ್ಕೊಳ್ಳೋಕಾಗಲ್ಲ ಅಜ್ಜಿ."

"ಬ್ಯಾಡ ಬ್ಯಾಡ, ಇಸ್ಕಬ್ಯಾಡಿ ಮೇಡಮ್ಮೋರೆ. ಆ ಕೂಸ್ ಏನ್ ತಪ್ ಮಾಡ್ತು. ಮಕ್ಳ್ ಮುಂದ ಒಂದ್ ಮಾತ್ ಆಡ್ಬೇಕು, ಅಷ್ಟೇಯ."

"ನನಗೆ ಹೇಳಿದ್ರಲ್ಲ, ಸಾಕು ಬಿಡಿ."

"ನಕ್ಕಿದ್ ಮಕ್ಳಲ್ವಾ, ಅವ್ರ್ ಮುಂದನೇ ಯೋಳ್ಬೇಕು."

ಒಳಗೆ ಬಿಟ್ಟರು. ಕರಿಹಲಗೆಯ ಮುಂದೆ ನಿಂತೆ. ಮೂರನೇ ಕ್ಲಾಸಿನ ಮೇಲೆ ಯಾವ ಕ್ಲಾಸಿನ ಒಳಗೂ ಕಾಲಿಟ್ಟವಳಲ್ಲ. ಗೂಡು ನನ್ನ ಕೈಯಲ್ಲಿತ್ತು, ಆವಿ ಕೊಡಬೇಡ ಅಂದವಳು ನಾನು, ಒಲೆಯ ಮೇಲೆ ಇಟ್ಟವಳೂ ನಾನು, ಭೂಮಿಕಾ ಏನನ್ನೂ ಮರೆತಿಲ್ಲ, ಅಂದೆ. ನಾಲ್ಕು ಮಾತು, ಅಷ್ಟೇ. ಅವಳು ಮೂರನೇ ಬೆಂಚಿನಲ್ಲಿ ತಲೆ ಬಗ್ಗಿಸಿಕೊಂಡು ಪುಸ್ತಕದ ರಟ್ಟು ಕೆರೆಯುತ್ತಿದ್ದಳು.

ಮಿಸ್ ಕೇಳಿದರು, "ಮತ್ತೆ ನಿನ್ನೆ ಯಾಕಮ್ಮ ನೀನೇ ಅಂತ ಹೇಳಿದೆ?"

ಎದ್ದು ನಿಂತಳು. "ಅಜ್ಜಿ ಯೋಳ್ತದ ಅಂತ ಒಸಿ ಒತ್ತು ನೋಡ್ದೆ ಮಿಸ್. ಯೋಳ್ನಿಲ್ಲ. ಅದ್ಕ ನಾ ಯೋಳ್ದೆ."

ಈ ಸಲ ಯಾರೂ ನಗಲಿಲ್ಲ. ನಾನು ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡೆ. ನಮ್ಮೂರಿನ ಬಸ್ಸು ರಸ್ತೆಯಲ್ಲೇ ನಿಂತಿತ್ತು, ಕಂಡಕ್ಟರ್ ಕೈಬೀಸಿ ಕರೆದ. ಹತ್ತಲಿಲ್ಲ. ನಡೆದೇ ಊರು ಸೇರಿದೆ.